ಪದಚರ್ಚೆ: ಸೈಡ್‌ಬಾರ್‌ಗೆ 'ಪಕ್ಕಪಟ್ಟಿ', ಗುಂಡಿಯ ಮೇಲೆ 'ಪರಿವಿಡಿ'

> ಹನಿ ನೀರಾವರಿ ಟೈಮರ್‌ನ ಕೈಪಿಡಿಯನ್ನು ಜಾಲತಾಣಕ್ಕೆ ಹಾಕುತ್ತಿದ್ದೇವೆ. ಪುಟಗಳ ಹೆಸರು ತೋರಿಸುತ್ತ ಎಡಗಡೆ ನಿಲ್ಲುವ ಸೈಡ್‌ಬಾರ್‌ಗೆ ಕನ್ನಡದಲ್ಲಿ ಏನನ್ನಬೇಕು? ಇವತ್ತು ರಾತ್ರಿಯೊಳಗೆ ಬೇಕು. – ಚಿಂತಾಮಣಿಯಿಂದ

ಮೇಡಂ,

ನಿಮಗೆ ಅವಸರ ಇದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಪಕ್ಕಪಟ್ಟಿ.

ಪಟ್ಟಿಗೆ ನಮ್ಮಲ್ಲಿ ಎರಡು ಅರ್ಥ. ಸೊಂಟಪಟ್ಟಿಯಲ್ಲಿ ಅದು ಉದ್ದನೆ ತುಂಡು. ದಿನಸಿ ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆದದ್ದು. ಸೈಡ್‌ಬಾರ್ ಎರಡೂ ಹೌದಲ್ವಾ? ಇಂಗ್ಲಿಷಿನ ಬಾರ್‌ನಲ್ಲಿ ಈ ಎರಡನೇ ಅರ್ಥ ಇಲ್ಲವೇ ಇಲ್ಲ.

'ಪಾರ್ಶ್ವಪಟ್ಟಿ' ಬೇಡ. ಪಾರ್ಶ್ವ ಎಂದರೆ ಕೋಲಾರದ ಕಡೆ ಜನಕ್ಕೆ ನೆನಪಾಗುವುದು ಪಾರ್ಶ್ವವಾಯು. 'ಅಡ್ಡಪಟ್ಟಿ'ಯೂ ಬೇಡ. ಅದು ಮಲಗಿದ ಪಟ್ಟಿ, ಇದು ನಿಂತಿದೆ. ಪಕ್ಕ ತೆಲುಗಿನಿಂದ ಬಂತು ಎಂದು ತುಮಕೂರಿನ ಹಿರಿಯರೊಬ್ಬರು ಇಲ್ಲಿ ಬರೆದಿದ್ದಾರೆ. ಒಪ್ಪಲಾರೆ. ಪಕ್ಷದ ತದ್ಭವ ಪಕ್ಕ ಎಂದು ಹೈಸ್ಕೂಲ್ ವ್ಯಾಕರಣದಲ್ಲೇ ಓದಿದ್ದೇವೆ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದರೆ ಅರಿಸಮಾಸ, ತಪ್ಪು ಎನ್ನುತ್ತಾರೆ. ತದ್ಭವ ಸೇರಿದರೆ ಅದು ಆಗುವುದಿಲ್ಲ, ಆ ತಕರಾರೂ ಮುಗಿಯಿತು. ತೆಲುಗಿನಲ್ಲೂ ಪಕ್ಕ ಇದೆ, ಇರಲಿ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಮುಳಬಾಗಿಲಿನ ನಮಗೆ ಎರಡು ಕಡೆಯೂ ಸಲೀಸಾಗಿ ಬಾಯಿಗೆ ಬರುವ ಪದ ಅದು.

ಟೊಮೆಟೊ ಒಪ್ಪಿದ್ದೀರಿ, ಸೈಡ್‌ಬಾರ್ ಯಾಕೆ ಬೇಡ ಎಂದು ಕೇಳಿದವರಿಗೆ ಒಂದು ಮಾತು. ಟೊಮೆಟೊ ಎಂಬ ಹೆಸರು ಹಣ್ಣಿನ ಜೊತೆ ಬಂತು. ಕೋಲಾರದ ಮಂಡಿಯಲ್ಲಿ ಬೆಳಗಾದರೆ ಎಲ್ಲರ ಬಾಯಲ್ಲೂ ಅದೇ. ಟೈಮರ್, ಸ್ಟಾರ್ಟರ್ ಕೂಡ ಹಾಗೇ, ಅವನ್ನು ಮುಟ್ಟಬೇಡಿ. ಸೈಡ್‌ಬಾರ್ ನಮ್ಮ ಯಾವ ರೈತನ ಬಾಯಿಗೂ ಬಂದಿಲ್ಲ. ಸುಮ್ನೆ ತಂದು ಕೂರಿಸಬೇಡಿ.

ಆದರೆ ಮೇಡಂ, ಪಕ್ಕಪಟ್ಟಿಯನ್ನು ಪರದೆ ಮೇಲೆ ಎಲ್ಲಿ ಬರೆಯುತ್ತೀರಿ? ಹೋದ ವರ್ಷ ಒಂದು ಪಂಪ್‌ಸೆಟ್ ಕೈಪಿಡಿ ಕನ್ನಡಕ್ಕೆ ತಂದಾಗ ಗುಂಡಿಯ ಮೇಲೆ 'ಪಕ್ಕಪಟ್ಟಿ ತೆರೆಯಿರಿ' ಎಂದು ಹಾಕಿದ್ದೆ. ಮೊಬೈಲ್‌ನಲ್ಲಿ ಆ ಪಟ್ಟಿ ಮೂರು ಗೆರೆಯ ಗುರುತಿನ ಹಿಂದೆ ಅಡಗಿರುತ್ತದೆ. ರೈತರೊಬ್ಬರು ಫೋನ್ ಮಾಡಿ, "ಅಣ್ಣಾ, ಯಾವ ಪಕ್ಕ?" ಎಂದರು. ಅವತ್ತೇ 'ಪರಿವಿಡಿ' ಎಂದು ಬದಲಾಯಿಸಿದೆ. ಶಾಲೆ ಪುಸ್ತಕದಿಂದಲೇ ಎಲ್ಲರಿಗೂ ಗೊತ್ತಿರುವ ಪದ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಆ ಗುಂಡಿಗೆ ಹೇಳುವ ಹೆಸರಿಗೂ ಅದನ್ನೇ ಕೊಡಿ. ಪಕ್ಕಪಟ್ಟಿ ವಿವರಣೆಯ ಸಾಲುಗಳಲ್ಲಿ, ವಿನ್ಯಾಸ ಮಾಡುವವರ ಮಾತಿನಲ್ಲಿ ಇರಲಿ.

ನೀವು ಕಳಿಸಿದ ಚಿತ್ರವನ್ನೂ ನೋಡಿದೆ. 'ಅನುಸ್ಥಾಪನಾ ಪೂರ್ವಾಪೇಕ್ಷಿತಗಳು' ಎಂಬುದು ಆ ಕಿರಿದಾದ ಪಟ್ಟಿಯಲ್ಲಿ ಮೂರು ಸಾಲಾಗಿ ಮುರಿದಿದೆ. 'ಸ್ಥಾ'ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದೆ. 'ಕೂರಿಸುವ ಮುನ್ನ' ಎನ್ನಿ, ಒಂದೇ ಸಾಲಿಗೆ ಮುಗಿಯುತ್ತದೆ. ಒತ್ತಕ್ಷರ ಜಾಸ್ತಿ ಇರುವ ನಮ್ಮ ಲಿಪಿಗೆ ಸಾಲಿನ ಎತ್ತರ ಅಕ್ಷರದ ಅಳತೆಯ 1.5 ಪಟ್ಟಾದರೂ ಬೇಕು. ತೆರೆದಿರುವ ಪುಟದ ಹೆಸರಿಗೆ ಬಣ್ಣದ ಜೊತೆ ದಪ್ಪಕ್ಷರವನ್ನೂ ಕೊಡಿ. ತೋಟದಲ್ಲಿ, ಬಿಸಿಲಲ್ಲಿ ನಿಂತು ನೋಡುವವರಿಗೆ ತಿಳಿ ಹಸಿರು ಕಾಣುವುದಿಲ್ಲ.

– ಮುಳಬಾಗಿಲಿನಿಂದ