ಸ್ಪೇನ್‌ನಲ್ಲಿ ಊಟದ ಹೊತ್ತು, ಬಾರ್‌ನ ರೂಢಿ, ಸಸ್ಯಾಹಾರ: ತಿಳಿದವರು ಹೇಳಿ

ಪಯಣಿಗ_ಚೈತ್ರ:
ಮ್ಯಾಡ್ರಿಡ್, ಗ್ರನಾಡಾ, ಸ್ಯಾನ್ ಸೆಬಾಸ್ಟಿಯನ್‌ಗೆ ಹೊರಟಿದ್ದೇವೆ. ಮೊಟ್ಟೆ ಆಗುತ್ತೆ, ಮಾಂಸ ಮೀನು ಬೇಡ. ಊಟದ ವೇಳೆ ಹೇಗೆ? ಪಾನೀಯದ ಜೊತೆ ಕೊಡುವ ಸಣ್ಣ ತಿಂಡಿ, ಅದೇ ತಪಾಸ್‌ಗೆ ದುಡ್ಡು ಕೊಡಬೇಕಾ? ಒಂದು ಮನೆಯವರು ಊಟಕ್ಕೂ ಕರೆದಿದ್ದಾರೆ.

ಬಿಸಿಲುಕೋಲು:
ಮಧ್ಯಾಹ್ನದ ಊಟ 2ರಿಂದ 3:30, ರಾತ್ರಿಯದು 9ರ ಮೇಲೆ. ಸಂಜೆ 4ರಿಂದ 8ರವರೆಗೆ ಹೆಚ್ಚಿನ ರೆಸ್ಟೋರೆಂಟ್‌ಗಳಲ್ಲಿ ಒಲೆ ಆರಿರುತ್ತದೆ. 6ಕ್ಕೆ ಹಸಿವಾದರೆ ಬಾರ್‌ನ ತೋರ್ತಿಯಾವೇ ಗತಿ. ಅದು ಆಲೂಗಡ್ಡೆ, ಮೊಟ್ಟೆ, ಸಾಮಾನ್ಯವಾಗಿ ಈರುಳ್ಳಿ ಹಾಕಿದ ದಪ್ಪ ಆಮ್ಲೆಟ್.

ಆದ್ದರಿಂದ ಮಧ್ಯಾಹ್ನವೇ ಹೊಟ್ಟೆ ತುಂಬಿಸಿಕೊಳ್ಳಿ. ವಾರದ ದಿನಗಳಲ್ಲಿ 'ಮೆನು ದೆಲ್ ದಿಯಾ' ಕೇಳಿ. ಎರಡು ತಟ್ಟೆ ಊಟ, ಬ್ರೆಡ್, ಒಂದು ಪಾನೀಯ, ಸಿಹಿ ಅಥವಾ ಕಾಫಿ ಸೇರಿ ಸುಮಾರು 12ರಿಂದ 16 ಯೂರೋ. ಎರಡನೇ ತಟ್ಟೆ ಹೆಚ್ಚಾಗಿ ಮಾಂಸ ಇಲ್ಲವೇ ಮೀನು. 'ದೋಸ್ ಪ್ರಿಮೆರೋಸ್' ಎಂದು ಕೇಳಿದರೆ ಮೊದಲ ಪಟ್ಟಿಯಿಂದಲೇ ಎರಡು ಕೊಡುವವರಿದ್ದಾರೆ.

ಬರೀ 'ವೆಜಿಟೇರಿಯನ್' ಅಂದರೆ ಸಾಲದು. ಸಲಾಡ್‌ನಲ್ಲಿ ಟ್ಯೂನಾ, ಮಸೂರ ಬೇಳೆಯಲ್ಲಿ ಚೊರಿಸೊ (ಹಂದಿಮಾಂಸದ ಸಾಸೇಜ್), ಸಾಲ್ಮೊರೆಹೊ ಎಂಬ ತಣ್ಣನೆಯ ಟೊಮೆಟೊ ಸೂಪಿನ ಮೇಲೆ ಹ್ಯಾಮ್ ಚೂರು ಬಂದುಬಿಡುತ್ತೆ. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ಅತೂನ್' (ಮಾಂಸ, ಮೀನು, ಹ್ಯಾಮ್, ಟ್ಯೂನಾ ಇಲ್ಲದೆ) ಅಂತ ಒಂದೊಂದನ್ನೂ ಬಿಡಿಸಿ ಹೇಳಿ. ಪಾಯೆಯಾ ಎಂಬ ಅನ್ನದ ಖಾದ್ಯ ತರಕಾರಿಯದೇ ಆದರೂ ಅನ್ನ ಬೆಂದ ಸಾರು ಮೀನಿನದೋ ಕೋಳಿಯದೋ ವಿಚಾರಿಸಿ. ಎನ್ಸೈಮಾದಾ, ಪೊಲ್ವೊರೋನ್‌ನಂಥ ಸಿಹಿಗಳಲ್ಲಿ ಹಂದಿಕೊಬ್ಬು ಇರುತ್ತದೆ. ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ.

ಗಲ್ಲಿ_ಸುತ್ತಾಟ:
ತಪಾಸ್ ವಿಷಯ ಊರಿಂದೂರಿಗೆ ಬೇರೆ. ಗ್ರನಾಡಾದಲ್ಲಿ ಪ್ರತಿ ಪಾನೀಯದ ಜೊತೆ ಒಂದು ತಪಾ ಪುಕ್ಕಟೆ, ಆದರೆ ಯಾವುದು ಎಂದು ಅನೇಕ ಕಡೆ ಅಡುಗೆಮನೆಯೇ ತೀರ್ಮಾನಿಸುತ್ತದೆ. ಪಾನೀಯ ಹೇಳುವಾಗಲೇ ಮಾಂಸ ಬೇಡವೆನ್ನಿ, ತಟ್ಟೆ ಬಂದ ಮೇಲಲ್ಲ. ಮ್ಯಾಡ್ರಿಡ್‌ನಲ್ಲಿ ಒಂದಿಷ್ಟು ಆಲಿವ್ ಇಲ್ಲವೇ ಚಿಪ್ಸ್ ಸಿಕ್ಕೀತು, ಅಷ್ಟೇ.

ಸ್ಯಾನ್ ಸೆಬಾಸ್ಟಿಯನ್‌ನ ಪಿಂಚೋಗಳಿಗೆ (ಅಲ್ಲಿನ ತಪಾಸ್‌ನಂಥ ತಿಂಡಿ) ಒಂದೊಂದಕ್ಕೂ ದುಡ್ಡುಂಟು. ಕೌಂಟರ್ ಮೇಲೆ ಜೋಡಿಸಿಟ್ಟಿರುವುದು ತಣ್ಣನೆಯವು. ಬಿಸಿಬಿಸಿ ಬೇಕಿದ್ದರೆ ಗೋಡೆಯ ಹಲಗೆ ನೋಡಿ ಹೇಳಿ ಮಾಡಿಸಿಕೊಳ್ಳಬೇಕು, ರುಚಿ ಇರುವುದು ಅಲ್ಲೇ. ಒಂದೇ ಕಡೆ ತಟ್ಟೆ ತುಂಬಿಸಿಕೊಳ್ಳಬೇಡಿ. ಒಂದೆರಡು ತಿಂದು, ಎಷ್ಟು ತಿಂದಿರೆಂದು ಹೇಳಿ ದುಡ್ಡು ಕೊಟ್ಟು, ಮುಂದಿನ ಬಾರ್‌ಗೆ ನಡೆಯುವುದು ಅಲ್ಲಿನ ರೂಢಿ. 'ಗಿಲ್ದಾ' ನೋಡಲು ಆಲಿವ್, ಮೆಣಸಿನಕಾಯಿ. ನಡುವೆ ಆಂಚೋವಿ ಮೀನಿರುತ್ತದೆ, ಜೋಕೆ.

ಬಿಲ್ ತಾನಾಗಿ ಬರುವುದಿಲ್ಲ, 'ಲಾ ಕ್ವೆಂತಾ' ಎಂದು ಕೇಳಬೇಕು. ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟರೆ ಸಾಕು. 2022ರ ಕಾನೂನಿನ ಪ್ರಕಾರ ನಲ್ಲಿ ನೀರು ಉಚಿತ, ಕೇಳಲು ಹಿಂಜರಿಯಬೇಡಿ. ಹೊರಗಿನ ಮೇಜಿಗೆ ಕೌಂಟರ್‌ಗಿಂತ ಹೆಚ್ಚು ದರ ಹಾಕುವವರುಂಟು.

ಪಯಣಿಗ_ಚೈತ್ರ:
ಧನ್ಯವಾದ ಇಬ್ಬರಿಗೂ. ಮನೆಯ ಊಟಕ್ಕೆ ಬರಿಗೈಲಿ ಹೋಗುವುದು ಬೇಡ ಅನ್ನಿಸ್ತಿದೆ. ಏನು ಒಯ್ಯಲಿ?

ಬಿಸಿಲುಕೋಲು:
ಬೇಕರಿಯಿಂದ ಒಂದು ಡಬ್ಬಿ ಸಿಹಿ, ಇಲ್ಲವೇ ವೈನ್. ಮಾಂಸ ತಿನ್ನುವುದಿಲ್ಲವೆಂದು ಎರಡು ದಿನ ಮೊದಲೇ ತಿಳಿಸಿ. ಬಡಿಸಿದ ಮೇಲೆ ಹೇಳಿದರೆ ಅಡುಗೆ ಮಾಡಿದವರಿಗೆ ಬೇಜಾರು. ಹತ್ತು ನಿಮಿಷ ತಡವಾದರೆ ಪರವಾಗಿಲ್ಲ, ಬೇಗ ಮಾತ್ರ ಹೋಗಬೇಡಿ. ಹೆಂಗಸರ ಜೊತೆ ಎರಡೂ ಕೆನ್ನೆಗೆ ಕೆನ್ನೆ ತಾಗಿಸುವುದು ರೂಢಿ, ಮೊದಲು ಬಲಗೆನ್ನೆ. ಗಂಡಸರು ಪರಸ್ಪರ ಕೈಕುಲುಕುತ್ತಾರೆ. ಕೆನ್ನೆ ತಾಗಿಸುವುದು ಮುಜುಗರವೆನಿಸಿದರೆ ನೀವೇ ಮೊದಲು ಕೈ ಚಾಚಿಬಿಡಿ.

ತಿಂದ ಕೂಡಲೇ ಏಳಬೇಡಿ. ಕಾಫಿಯಾದ ಮೇಲೂ ಒಂದೆರಡು ಗಂಟೆ ಮೇಜಿನ ಸುತ್ತ ಮಾತು ಸಾಗುತ್ತದೆ, ಅವರಿಗೆ ಅದೂ ಊಟದ ಭಾಗವೇ. ಕರೆದಿರುವುದು ಮಧ್ಯಾಹ್ನದ ಊಟಕ್ಕಾದರೆ ಆ ದಿನ ಸಂಜೆ 6ರೊಳಗೆ ರೈಲು ಟಿಕೆಟ್ ಇಟ್ಟುಕೊಳ್ಳಬೇಡಿ.