ಹಳೆ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್: ಕ್ರೋಮ್ ಬಿಡಬೇಕಾ? ಫೈರ್‌ಫಾಕ್ಸ್, ಎಡ್ಜ್, ಬ್ರೇವ್‌ನಲ್ಲಿ ಯಾವುದು?

ಮಳೆಬಿಲ್ಲು:

ಲ್ಯಾಪ್‌ಟಾಪ್ ಹಳೆಯದು. ರ‍್ಯಾಮ್ 4 ಜಿಬಿ, ವಿಂಡೋಸ್ 10. ಮೊದಲಿನಿಂದಲೂ ಕ್ರೋಮ್ ಒಂದೇ ಬಳಸಿದ್ದು. ಈಗೀಗ ಏಳೆಂಟು ಟ್ಯಾಬ್ ತೆರೆದರೆ ಸಾಕು, ಫ್ಯಾನ್ ಜೋರಾಗಿ ಶುರುವಾಗುತ್ತದೆ, ಟೈಪ್ ಮಾಡಿದ ಅಕ್ಷರ ಸ್ಕ್ರೀನ್ ಮೇಲೆ ಬರುವುದಕ್ಕೂ ಕಾಯಬೇಕು. ಬ್ಯಾಂಕ್ ಕೆಲಸ, ಮೇಲ್, ಆಫೀಸಿನ ವಿಡಿಯೊ ಕಾಲ್, ಸುದ್ದಿ ಓದುವುದು ಎಲ್ಲವೂ ಇದರಲ್ಲೇ. ಹೊಸ ಲ್ಯಾಪ್‌ಟಾಪ್ ಸದ್ಯಕ್ಕೆ ಆಗುವ ಮಾತಲ್ಲ.

ಫೈರ್‌ಫಾಕ್ಸ್ ಹಾಕಿಕೊಳ್ಳಿ ಅಂತ ಒಬ್ಬರು, ಎಡ್ಜ್ ಹಗುರ ಅಂತ ಇನ್ನೊಬ್ಬರು, ಬ್ರೇವ್ ಬಿಟ್ಟರೆ ಯಾವುದೂ ಸೇಫ್ ಅಲ್ಲ ಅಂತ ಮತ್ತೊಬ್ಬರು. ಯಾರನ್ನು ಕೇಳಿದರೂ ತಾವು ಬಳಸುವುದೇ ಬೆಸ್ಟ್ ಅನ್ನುತ್ತಾರೆ, ಯಾಕೆ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನನಗೆ ಬೇಕಿರುವುದು ಆ ಕಾರಣ. ದುಡ್ಡಿನ ವ್ಯವಹಾರ ನಡೆಯುವ ಬ್ರೌಸರ್, ಹಾಗಾಗಿ ಸೇಫ್ ಆಗಿರಬೇಕು, ಈ ಮಷೀನ್‌ನಲ್ಲಿ ಓಡಬೇಕು, ದಿನಾ ಬಳಸುವಾಗ ಸುಮ್ನೆ ತಲೆ ತಿನ್ನಬಾರದು. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಕೀಲಿಕೈ:

ಮೊದಲು ಸುರಕ್ಷತೆ, ಯಾಕೆಂದರೆ ಗೊಂದಲ ಜಾಸ್ತಿ ಇರುವುದು ಅಲ್ಲೇ. ಸುರಕ್ಷತೆ ಬೇರೆ, ಪ್ರೈವೆಸಿ ಬೇರೆ. ಕೆಟ್ಟ ಸೈಟ್ ಒಂದು ನಿಮ್ಮ ಕಂಪ್ಯೂಟರ್ ಒಳಗೆ ನುಗ್ಗದ ಹಾಗೆ, ಪಕ್ಕದ ಟ್ಯಾಬಿನಲ್ಲಿರುವ ಬ್ಯಾಂಕ್ ಪೇಜಿಗೆ ಕೈ ಹಾಕದ ಹಾಗೆ ತಡೆಯುವುದು ಸುರಕ್ಷತೆ. ನೀವು ಎಲ್ಲೆಲ್ಲಿ ಓಡಾಡಿದಿರಿ ಅಂತ ಜಾಹೀರಾತು ಕಂಪನಿಗಳಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವುದು ಪ್ರೈವೆಸಿ. ಮೊದಲನೆಯದರಲ್ಲಿ ಕ್ರೋಮ್ ತುಂಬಾ ಗಟ್ಟಿ. ಎರಡನೆಯದರಲ್ಲಿ ಹಿಂದೆ.

ಕ್ರೋಮ್ 2008ರಲ್ಲಿ ಬಂದಾಗಲೇ ಪೇಜುಗಳನ್ನು ಸ್ಯಾಂಡ್‌ಬಾಕ್ಸ್ ಒಳಗೆ ಇಟ್ಟು ಓಡಿಸುತ್ತಿತ್ತು. ಅಂದರೆ ಪೇಜ್ ಏನೇ ತಂಟೆ ಮಾಡಿದರೂ ಅದು ನೇರವಾಗಿ ನಿಮ್ಮ ಫೈಲುಗಳನ್ನು ಮುಟ್ಟುವ ಹಾಗಿಲ್ಲ. 2018ರ ಜನವರಿಯಲ್ಲಿ ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷ ಬಯಲಾಯಿತು. ಒಂದೇ ಪ್ರೊಸೆಸ್ (ಕಂಪ್ಯೂಟರ್ ಬೇರೆಯಾಗಿ ಓಡಿಸುವ ಪ್ರೋಗ್ರಾಮಿನ ಒಂದು ತುಂಡು) ಒಳಗಿದ್ದರೆ ಒಂದು ಸೈಟಿನ ಕೋಡ್ ಇನ್ನೊಂದು ಸೈಟಿನ ಮೆಮೊರಿ ಓದಬಹುದು ಅಂತ ಗೊತ್ತಾಯಿತು. ಅದಾದ ಮೇಲೆ ಅದೇ ವರ್ಷ ಕಂಪ್ಯೂಟರ್‌ಗಳಲ್ಲಿ ಪ್ರತಿ ಸೈಟಿಗೂ ಬೇರೆ ಪ್ರೊಸೆಸ್ ಕೊಡುವುದನ್ನು ಕ್ರೋಮ್ ಎಲ್ಲರಿಗೂ ಆನ್ ಮಾಡಿತು. ಅದಕ್ಕೆ 10ರಿಂದ 13 ಶೇಕಡಾ ಮೆಮೊರಿ ಜಾಸ್ತಿ ಬೇಕು ಅಂತ ಗೂಗಲ್ ಆಗಲೇ ಹೇಳಿತ್ತು. ಕ್ರೋಮ್ ರ‍್ಯಾಮ್ ತಿನ್ನುತ್ತದೆ ಅಂತ ಎಲ್ಲರೂ ಬೈಯುತ್ತಾರೆ, ಆದರೆ ಅದರಲ್ಲಿ ಒಂದು ಪಾಲು ನಿಮ್ಮನ್ನು ಕಾಯುವುದಕ್ಕೇ ಹೋಗುತ್ತಿದೆ. ಫೈರ್‌ಫಾಕ್ಸ್ ಇದೇ ಕೆಲಸವನ್ನು 2021ರಲ್ಲಿ ತಂದಿತು, ಹಾಗಾಗಿ ಅದಕ್ಕೂ ಆ ಖರ್ಚು ತಪ್ಪಿದ್ದಲ್ಲ.

ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ ಎಲ್ಲದರ ಒಳಗೂ ಇರುವುದು ಕ್ರೋಮಿಯಂ, ಕ್ರೋಮ್ ನಿಂತಿರುವ ತಳಪಾಯವೂ ಅದೇ. ಅದರಲ್ಲಿ ತೂತು ಸಿಕ್ಕರೆ ಸಾಮಾನ್ಯವಾಗಿ ಎಲ್ಲದರಲ್ಲೂ ತೂತು. ಕ್ರೋಮ್ 2023ರ ಆಗಸ್ಟ್‌ನಿಂದ ವಾರಕ್ಕೊಂದು ಸೆಕ್ಯೂರಿಟಿ ಅಪ್‌ಡೇಟ್ ಕೊಡುತ್ತಿದೆ. ಕ್ರೋಮಿಯಂ ಕೋಡ್ ಯಾರು ಬೇಕಾದರೂ ಓದಬಹುದಾದ್ದು, ಹಾಗಾಗಿ ಸರಿಮಾಡಿದ ಕೋಡ್ ಹೊರಗೆ ಬಿದ್ದ ತಕ್ಷಣ ತೂತು ಎಲ್ಲಿತ್ತು ಅಂತ ಕಳ್ಳರಿಗೂ ಗೊತ್ತಾಗುತ್ತದೆ. ಅಲ್ಲಿಂದ ನೀವು ಅಪ್‌ಡೇಟ್ ಮಾಡುವವರೆಗಿನ ಸಮಯವೇ ಅಪಾಯದ ಸಮಯ.

ಇಲ್ಲೇ ಹೆಚ್ಚಿನವರು ಎಡವುವುದು. ಅಪ್‌ಡೇಟ್ ತಾನಾಗೇ ಇಳಿದಿರುತ್ತದೆ, ಆದರೆ ಬ್ರೌಸರ್ ಮುಚ್ಚಿ ತೆರೆಯುವ ತನಕ ಓಡುತ್ತಿರುವುದು ಹಳೆಯದೇ. ಲ್ಯಾಪ್‌ಟಾಪ್ ಮಡಚಿಟ್ಟು ಮತ್ತೆ ಬಿಚ್ಚುವವರ ಬ್ರೌಸರ್ ವಾರಗಟ್ಟಲೆ ಮುಚ್ಚುವುದೇ ಇಲ್ಲ. ಮೇಲೆ ಬಲಗಡೆ ಮೂರು ಚುಕ್ಕಿ ಇರುವಲ್ಲಿ ಅಪ್‌ಡೇಟ್ ಅಂತ ಬಂದಿದ್ದರೆ ಆ ದಿನವೇ ರೀಲಾಂಚ್ ಒತ್ತಿ. ಟ್ಯಾಬುಗಳು ವಾಪಸ್ ಬರುತ್ತವೆ, ಹೆದರಬೇಡಿ. ಅರ್ಧ ತುಂಬಿದ ಫಾರ್ಮ್ ಇದ್ದರೆ ಮಾತ್ರ ಮೊದಲು ಅದನ್ನು ಮುಗಿಸಿಕೊಳ್ಳಿ.

ಇನ್ನೊಂದು ವಿಷಯ, ನೀವು ಕೇಳದೇ ಇದ್ದರೂ ಹೇಳಲೇಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸ್ಯಾಂಡ್‌ಬಾಕ್ಸ್ ನಿಂತಿರುವುದೇ ವಿಂಡೋಸ್ ಮೇಲೆ. ಕೆಳಗಿನದು ಹಳೆಯದಾದರೆ ಮೇಲೆ ಯಾವ ಬ್ರೌಸರ್ ಹಾಕಿದರೂ ಅರ್ಧ ಕೆಲಸವೇ. ಮೈಕ್ರೋಸಾಫ್ಟ್ ಕೊಡುವ ಮುಂದುವರಿದ ಸೆಕ್ಯೂರಿಟಿ ಅಪ್‌ಡೇಟ್ ಯೋಜನೆಗೆ ಸೇರಿದ್ದೀರಾ ಅಂತ ಮೊದಲು ನೋಡಿಕೊಳ್ಳಿ.

ಅರಳಿಕಟ್ಟೆ:

ವೇಗದ ಬಗ್ಗೆ ನಾನು ಹೇಳುತ್ತೇನೆ. ಯಾವ ಬ್ರೌಸರ್ ಫಾಸ್ಟ್ ಅನ್ನುವ ಜಗಳಕ್ಕೆ ಈಗ ಅಷ್ಟು ಅರ್ಥ ಇಲ್ಲ. 2024ರಲ್ಲಿ ಸ್ಪೀಡೋಮೀಟರ್ 3 ಅಂತ ಒಂದು ಅಳತೆ ಬಂತು. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ನಾಲ್ವರೂ ಸೇರಿ ಮಾಡಿದ್ದು. ಅದರಲ್ಲಿ ಬರುವ ಅಂಕಗಳ ವ್ಯತ್ಯಾಸ ಮೇಲ್ ಓದುವಾಗ, ಫಾರ್ಮ್ ತುಂಬುವಾಗ ಕೈಗೆ ಗೊತ್ತಾಗುವಂಥದ್ದಲ್ಲ. ನಿಮ್ಮ 4 ಜಿಬಿಯನ್ನು ಖಾಲಿ ಮಾಡುತ್ತಿರುವುದು ಬಹುಪಾಲು ಪೇಜುಗಳೇ.

ನಂಬಿಕೆ ಬರದಿದ್ದರೆ ಈಗಲೇ ನೋಡಿ. ಕ್ರೋಮ್ ತೆರೆದು ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಮೆಮೊರಿ ಅಂತ ಬರೆದಿರುವ ಕಾಲಮ್ ಮೇಲೆ ಕ್ಲಿಕ್ ಮಾಡಿದರೆ ದೊಡ್ಡ ತಿಂಡಿಪೋತರು ಮೇಲೆ ಬರುತ್ತಾರೆ. ಪ್ರತಿ ಟ್ಯಾಬ್, ಪ್ರತಿ ಎಕ್ಸ್‌ಟೆನ್ಷನ್ (ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ) ಬೇರೆ ಬೇರೆ ಸಾಲಿನಲ್ಲಿ ಕಾಣುತ್ತದೆ. ಸುದ್ದಿ ಪೇಜ್ ಒಂದನ್ನು ತೆರೆದು ಇದನ್ನು ನೋಡಿ. ಓದುವುದಕ್ಕೆ ಇರುವುದು ನಾಲ್ಕು ಪ್ಯಾರಾ, ಅದರ ಸುತ್ತ ತಾನಾಗೇ ಓಡುವ ವಿಡಿಯೊ, ಜಾಹೀರಾತು, ನಿಮ್ಮನ್ನು ಹಿಂಬಾಲಿಸುವ ಸ್ಕ್ರಿಪ್ಟುಗಳು. ಜಾಹೀರಾತಿನ ಫ್ರೇಮುಗಳು ಸಬ್‌ಫ್ರೇಮ್ ಅಂತ ಬೇರೆ ಸಾಲಿನಲ್ಲೇ ಕಾಣುತ್ತವೆ, ಒಂದೊಂದಕ್ಕೂ ಅದರದೇ ಮೆಮೊರಿ. ಕೀಲಿಕೈ ಹೇಳಿದ ಬೇರೆ ಬೇರೆ ಪ್ರೊಸೆಸ್ ಇದೇ.

ಹಾಗಾಗಿ ಹಳೆ ಮಷೀನ್‌ಗೆ ದೊಡ್ಡ ವೇಗ ಬರುವುದು ಜಾಹೀರಾತು ತಡೆಯುವುದರಿಂದ. ನನ್ನ ಪ್ರಕಾರ ಆಯ್ಕೆ ನಿಲ್ಲಬೇಕಾದ್ದೂ ಇದರ ಮೇಲೆಯೇ. ಗೂಗಲ್ ಎಕ್ಸ್‌ಟೆನ್ಷನ್‌ಗಳ ನಿಯಮ ಬದಲಿಸಿತು, ಮ್ಯಾನಿಫೆಸ್ಟ್ ವಿ3 ಅಂತ. ಮೊದಲು ತಡೆಯುವ ಎಕ್ಸ್‌ಟೆನ್ಷನ್ ಪೇಜ್ ಕಳಿಸುವ ಪ್ರತಿ ಕೋರಿಕೆಯನ್ನೂ ತಾನೇ ನೋಡಿ ಬಿಡಬೇಕಾ ಬೇಡವಾ ಅಂತ ತೀರ್ಮಾನ ಮಾಡುತ್ತಿತ್ತು. ಈಗ ಮೊದಲೇ ಪಟ್ಟಿ ಕೊಟ್ಟಿರಬೇಕು, ತೀರ್ಮಾನ ಬ್ರೌಸರಿನದು. ಇದರಿಂದ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಷನ್ 2025ರ ಹೊತ್ತಿಗೆ ಕ್ರೋಮ್‌ನಲ್ಲಿ ಕೆಲಸ ನಿಲ್ಲಿಸಿತು, ಅಲ್ಲಿ ಈಗ ಸಿಗುವುದು ಲೈಟ್ ಅನ್ನುವ ಚಿಕ್ಕದು. ಅದು ಕೆಟ್ಟದ್ದಲ್ಲ, ಮಾಮೂಲಿ ಜಾಹೀರಾತುಗಳನ್ನು ಚೆನ್ನಾಗೇ ತಡೆಯುತ್ತದೆ. ಆದರೆ ಪೂರ್ತಿ ಶಕ್ತಿಯದ್ದು ಬೇಕು ಅಂದರೆ ಫೈರ್‌ಫಾಕ್ಸ್. ಬ್ರೇವ್‌ನಲ್ಲಿ ತಡೆಯುವ ಕೆಲಸ ಬ್ರೌಸರ್ ಒಳಗೇ ಇದೆ, ಎಕ್ಸ್‌ಟೆನ್ಷನ್ ಬೇಕಿಲ್ಲ, ಅದೂ ಒಳ್ಳೆಯದೇ. ವಾಲೆಟ್, ರಿವಾರ್ಡ್ಸ್ ಅಂತ ಬರುವ ಬಟನ್‌ಗಳನ್ನು ಮೊದಲ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ತೆಗೆದುಬಿಡಿ.

ಎಡ್ಜ್ ಹಗುರ ಅನ್ನುವವರು ಹೇಳುತ್ತಿರುವುದು ಅದರ ಸ್ಲೀಪಿಂಗ್ ಟ್ಯಾಬ್ಸ್ ಬಗ್ಗೆ ಇರಬೇಕು. ಮುಟ್ಟದೇ ಬಿಟ್ಟ ಟ್ಯಾಬುಗಳನ್ನು ಮಲಗಿಸುತ್ತದೆ. ಕ್ರೋಮ್‌ನಲ್ಲೂ ಮೆಮೊರಿ ಸೇವರ್ ಇದೆ, ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್ ಕೆಳಗೆ. ಆನ್ ಮಾಡಿಕೊಳ್ಳಿ, ಬದಲಾಯಿಸಿದರೂ ಬದಲಾಯಿಸದಿದ್ದರೂ.

ತಂಗಾಳಿ:

ಅರಳಿಕಟ್ಟೆಯವರ ಮಾತು ಸರಿ, ಆದರೆ ಫೈರ್‌ಫಾಕ್ಸ್ ಒಂದರಲ್ಲೇ ದಿನ ಕಳೆಯಬಹುದು ಅನ್ನುವ ಹಾಗೆ ಯಾರೂ ಮಾತು ಕೊಡಬೇಡಿ. ನನ್ನ ಕೆಲಸಕ್ಕೆ ಬೇಕಾದ ಒಂದು ಸೈಟಿನಲ್ಲಿ ಫೈರ್‌ಫಾಕ್ಸ್‌ನಿಂದ ಫೈಲ್ ಅಪ್‌ಲೋಡ್ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ತಪ್ಪು ಬ್ರೌಸರಿನದಲ್ಲ, ಸೈಟ್ ಮಾಡಿದವರು ಕ್ರೋಮ್‌ನಲ್ಲಿ ಮಾತ್ರ ನೋಡಿ ಕೈ ತೊಳೆದುಕೊಂಡಿದ್ದಾರೆ. ಆದರೆ ಗಡುವಿನ ದಿನ ಇದು ಯಾರ ತಪ್ಪು ಅಂತ ಕೂತು ಯೋಚಿಸುವುದಕ್ಕೆ ಆಗಲ್ಲ, ಅಲ್ವಾ? ಎರಡು ಇಟ್ಟುಕೊಳ್ಳಿ. ಓದುವುದು, ಹುಡುಕುವುದು, ವಿಡಿಯೊ ನೋಡುವುದು ಫೈರ್‌ಫಾಕ್ಸ್‌ನಲ್ಲಿ. ಬ್ಯಾಂಕ್, ಆಫೀಸಿನ ಕಾಲ್ ಎಡ್ಜ್‌ನಲ್ಲಿ, ಹೇಗೂ ಅದು ವಿಂಡೋಸ್ ಜೊತೆಗೇ ಬಂದಿರುತ್ತದೆ. ಬ್ಯಾಂಕಿಗೆ ಬಳಸುವ ಬ್ರೌಸರಿಗೆ ಒಂದೂ ಎಕ್ಸ್‌ಟೆನ್ಷನ್ ಹಾಕಬೇಡಿ. ಒಂದೇ ಹೊತ್ತಿಗೆ ಎರಡನ್ನೂ ತೆರೆದಿಟ್ಟರೆ 4 ಜಿಬಿ ಸಾಲುವುದಿಲ್ಲ, ಒಂದನ್ನು ಮುಚ್ಚಿ ಇನ್ನೊಂದು ತೆರೆಯಿರಿ.

ಪ್ರೈವೆಸಿ ಲೆಕ್ಕದಲ್ಲೂ ಫೈರ್‌ಫಾಕ್ಸ್‌ಗೆ ನನ್ನ ಓಟು. 2022ರ ಜೂನ್‌ನಿಂದ ಒಂದು ಸೈಟಿನಲ್ಲಿ ಇಟ್ಟ ಟ್ರ್ಯಾಕಿಂಗ್ ಕುಕಿ (ನಿಮ್ಮ ಗುರುತು ಹಿಡಿಯಲು ಬ್ರೌಸರಿನಲ್ಲಿ ಇಡುವ ಚಿಕ್ಕ ಮಾಹಿತಿ) ಇನ್ನೊಂದು ಸೈಟಿನಲ್ಲಿ ಕಾಣದ ಹಾಗೆ ಮೊದಲಿಂದಲೇ ಬೇರೆ ಮಾಡಿ ಇಡುತ್ತದೆ, ನೀವು ಏನೂ ಮಾಡಬೇಕಿಲ್ಲ. ಆಪಲ್‌ನ ಬ್ರೌಸರ್ ಸಫಾರಿ ಮೂರನೆಯವರ (ನೀವು ನೋಡುತ್ತಿರುವ ಸೈಟಲ್ಲದ ಬೇರೆಯವರ) ಕುಕಿಗಳನ್ನು 2020ರಲ್ಲೇ ಪೂರ್ತಿ ತಡೆದಿತ್ತು. ಕ್ರೋಮ್ ತಡೆಯುತ್ತೇನೆ ಅಂತ 2020ರಲ್ಲಿ ಹೇಳಿ, ಮುಂದೂಡುತ್ತಾ ಬಂದು, 2024ರಲ್ಲಿ ಆ ಯೋಚನೆಯನ್ನೇ ಕೈಬಿಟ್ಟಿತು. ಜಾಹೀರಾತಿನಿಂದ ಬದುಕುವ ಕಂಪನಿ, ಅದನ್ನು ಮರೆಯಬೇಡಿ.

ಫೋನಿನ ಬಗ್ಗೆಯೂ ಒಂದು ಮಾತು. ಆಂಡ್ರಾಯ್ಡ್‌ನಲ್ಲಿ ಫೈರ್‌ಫಾಕ್ಸ್‌ಗೆ ಎಕ್ಸ್‌ಟೆನ್ಷನ್ ಹಾಕಬಹುದು, ಕ್ರೋಮ್‌ಗೆ ಆಗುವುದಿಲ್ಲ. ಐಫೋನ್ ಇದ್ದರೆ ಹೆಸರು ಯಾವುದೇ ಇರಲಿ ಒಳಗಿರುವುದು ಆಪಲ್‌ನ ವೆಬ್‌ಕಿಟ್, ಅಂದರೆ ಪೇಜ್ ತೋರಿಸುವ ಎಂಜಿನ್. ಯುರೋಪಿಯನ್ ಒಕ್ಕೂಟದಲ್ಲಿ 2024ರಲ್ಲಿ, ಜಪಾನಿನಲ್ಲಿ 2025ರಲ್ಲಿ ನಿಯಮ ಸಡಿಲವಾಯಿತು.

ಮಳೆಬಿಲ್ಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಿಫ್ಟ್ ಎಸ್ಕೇಪ್ ಒತ್ತಿ ನೋಡಿದೆ, ಕಣ್ಣು ತೆರೆಯಿತು. ಮೇಲಿನ ಸಾಲಿನಲ್ಲಿ ಸುದ್ದಿ ಪೇಜ್, ಅದರ ಕೆಳಗೇ ಕೂಪನ್ ಹುಡುಕಿಕೊಡುವ ಎಕ್ಸ್‌ಟೆನ್ಷನ್. ಅದು ಅಲ್ಲಿದೆ ಅನ್ನುವುದೇ ನೆನಪಿರಲಿಲ್ಲ. ಪಿಡಿಎಫ್ ಬದಲಾಯಿಸುವುದು ಒಂದು, ಸ್ಕ್ರೀನ್‌ಶಾಟ್ ತೆಗೆಯುವುದು ಒಂದು ಕೂಡ ಇವೆ. ಇವೆಲ್ಲ ಸ್ಟೋರ್‌ನಿಂದಲೇ ಬಂದದ್ದು, ಇಟ್ಟುಕೊಂಡರೆ ತೊಂದರೆ ಇದೆಯಾ? ಮತ್ತೆ ಬ್ಯಾಂಕ್ ಕೆಲಸ ಇನ್ಕಾಗ್ನಿಟೊದಲ್ಲಿ ಮಾಡಿದರೆ ಜಾಸ್ತಿ ಸೇಫಾ?

ಕೀಲಿಕೈ:

ಇನ್ಕಾಗ್ನಿಟೊ ಮಾಡುವುದು ಇಷ್ಟೇ: ಮುಚ್ಚಿದ ಮೇಲೆ ಹಿಸ್ಟರಿ, ಕುಕಿ ನಿಮ್ಮ ಕಂಪ್ಯೂಟರ್‌ನಲ್ಲಿ ಉಳಿಯುವುದಿಲ್ಲ. ಸೈಟಿಗೆ, ಇಂಟರ್ನೆಟ್ ಕೊಡುವವರಿಗೆ ನೀವು ಬಂದದ್ದು ಗೊತ್ತಾಗೇ ಆಗುತ್ತದೆ. ವೈರಸ್ ಇದ್ದರೆ ಅದನ್ನೂ ತಡೆಯುವುದಿಲ್ಲ.

ಎಕ್ಸ್‌ಟೆನ್ಷನ್ ಮೂರನ್ನೂ ತೆಗೆಯಿರಿ. ಸ್ಕ್ರೀನ್‌ಶಾಟ್ ವಿಂಡೋಸ್‌ನಲ್ಲೇ ಇದೆ. ಒಂದೊಂದರ ಡೀಟೇಲ್ಸ್ ತೆರೆದು ನೋಡಿ, ಎಲ್ಲ ಸೈಟುಗಳಲ್ಲಿ ನಿಮ್ಮ ಡೇಟಾ ಓದಬಹುದು, ಬದಲಾಯಿಸಬಹುದು ಅಂತ ಬರೆದಿದ್ದರೆ ಆ ಎಲ್ಲದರಲ್ಲಿ ನಿಮ್ಮ ಬ್ಯಾಂಕ್ ಪೇಜೂ ಸೇರಿತು. ಸ್ಟೋರ್‌ನಿಂದ ಬಂದಿದೆ ಅನ್ನುವುದು ಭರವಸೆಯಲ್ಲ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದಿತ್ತು, ಟ್ಯಾಬುಗಳನ್ನು ಮಲಗಿಸಿ ರ‍್ಯಾಮ್ ಉಳಿಸುತ್ತಿತ್ತು, ಜನ ನಂಬಿ ಬಳಸುತ್ತಿದ್ದರು. 2020ರಲ್ಲಿ ಮಾಡಿದವರು ಅದನ್ನು ಮಾರಿದರು. ಕೊಂಡವರು ಒಳಗೆ ಬೇರೆ ಕೋಡ್ ಸೇರಿಸಿದರು. ಬಳಸುವವರಿಗೆ ಬಂದದ್ದು ಮಾಮೂಲಿ ಅಪ್‌ಡೇಟ್. ಮಾಲ್‌ವೇರ್ ಇದೆ ಅಂತ ಗೂಗಲ್ ಅದನ್ನು 2021ರ ಫೆಬ್ರವರಿಯಲ್ಲಿ ತೆಗೆದುಹಾಕಿತು.

ಪಾಸ್‌ವರ್ಡ್ ಮಾತ್ರ ಕೈಯಲ್ಲಿ ಟೈಪ್ ಮಾಡುವುದಕ್ಕಿಂತ ಬ್ರೌಸರ್ ಅಥವಾ ಪಾಸ್‌ವರ್ಡ್ ಮ್ಯಾನೇಜರ್ ತುಂಬುವುದು ಒಳ್ಳೆಯದು, ಯಾಕೆಂದರೆ ಅದು ಸೈಟಿನ ವಿಳಾಸ ನೋಡಿ ತುಂಬುತ್ತದೆ. ಬ್ಯಾಂಕಿನ ಹಾಗೇ ಕಾಣುವ ನಕಲಿ ಪೇಜಿನಲ್ಲಿ ನಮ್ಮ ಕಣ್ಣು ಮೋಸ ಹೋಗುತ್ತದೆ, ಅದು ಹೋಗುವುದಿಲ್ಲ. ತುಂಬಬೇಕಾದ ಕಡೆ ತುಂಬಲಿಲ್ಲ ಅಂದರೆ ಅಲ್ಲೇ ನಿಂತು ವಿಳಾಸ ಅಕ್ಷರ ಅಕ್ಷರ ಓದಿ. ಫೈರ್‌ಫಾಕ್ಸ್‌ಗೆ ಹೋದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈಮರಿ ಪಾಸ್‌ವರ್ಡ್ ಹಾಕಿಕೊಳ್ಳಿ, ಉಳಿಸಿದ ಪಾಸ್‌ವರ್ಡ್‌ಗಳಿಗೆಲ್ಲ ಅದೇ ಬೀಗ.

ಕ್ರೋಮ್‌ನಿಂದ ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಫೈಲ್ ಮಾಡಿ ತರುವುದಾದರೆ ಅದರಲ್ಲಿ ಎಲ್ಲವೂ ಬಿಚ್ಚಿಟ್ಟ ಹಾಗೆ ಇರುತ್ತದೆ, ಯಾರು ತೆರೆದರೂ ಓದಬಹುದು. ಹೊಸ ಬ್ರೌಸರ್‌ಗೆ ಬಂದಾದ ಕೂಡಲೇ ಆ ಫೈಲ್ ಅಳಿಸಿ. ರಿಸೈಕಲ್ ಬಿನ್‌ನಿಂದಲೂ.