ಎ, ಆ್ಯನ್, ದ: ಕನ್ನಡದಲ್ಲಿ ಯೋಚಿಸುವವರು ಇಂಗ್ಲಿಷ್ ಬರೆಯುವಾಗ

ಪ್ರಶ್ನೆ: ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಕಚೇರಿಯಲ್ಲಿ ದಿನವೂ ಇಂಗ್ಲಿಷಿನಲ್ಲಿ ವರದಿ ಬರೆಯಬೇಕಾಗಿದೆ. ಉಳಿದ ವ್ಯಾಕರಣ ಹೇಗೋ ಕೈಗೆ ಹತ್ತಿದೆ. ಆದರೆ ತಿದ್ದಿ ಬರುವ ಪ್ರತಿ ಪುಟದಲ್ಲೂ ‘ಎ’, ‘ಆ್ಯನ್’, ‘ದ’ಗಳ ಮೇಲೆ ಕೆಂಪು ಗುರುತುಗಳಿರುತ್ತವೆ. ನಿಯಮಗಳು ಬಾಯಿಪಾಠವಾಗಿದ್ದರೂ ಬರೆಯುವ ಹೊತ್ತಿಗೆ ನೆರವಿಗೆ ಬರುವುದಿಲ್ಲ. ಈ ತೊಡಕನ್ನು ದಾಟಿದವರು ತಮ್ಮ ಅನುಭವ ತಿಳಿಸಬೇಕೆಂದು ವಿನಂತಿ.

ಒಬ್ಬ ಅನುವಾದಕರ ಉತ್ತರ: ಮೇಡಂ, ಕನ್ನಡದಲ್ಲಿ ಆರ್ಟಿಕಲ್ ಇಲ್ಲದಿರುವುದೇ ಈ ತೊಡಕಿಗೆ ಕಾರಣವೆಂದು ನಾನೂ ಬಹುಕಾಲ ನಂಬಿದ್ದೆ. ಪದ ಇಲ್ಲದಿರುವುದು ನಿಜ, ಆದರೆ ಆ ಭೇದ ನಮ್ಮಲ್ಲಿ ಇದ್ದೇ ಇದೆ. ‘ಮೇಜಿನ ಮೇಲೆ ಪುಸ್ತಕ ಇದೆ’ ಎಂದರೆ ಕೇಳುವವರಿಗೆ ಇನ್ನೂ ಗೊತ್ತಿಲ್ಲದ ಯಾವುದೋ ಪುಸ್ತಕ. ‘ಪುಸ್ತಕ ಮೇಜಿನ ಮೇಲಿದೆ’ ಎಂದರೆ ಅವರು ಹುಡುಕುತ್ತಿರುವ ಅದೇ ಪುಸ್ತಕ. ಮೊದಲನೆಯದು ‘ಎ ಬುಕ್’, ಎರಡನೆಯದು ‘ದ ಬುಕ್’. ಹಾಗೆಯೇ, ‘ರಾತ್ರಿ ಪುಸ್ತಕ ಓದಿದೆ’ ಎನ್ನುವುದಕ್ಕೂ ‘ರಾತ್ರಿ ಪುಸ್ತಕವನ್ನು ಓದಿದೆ’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ: ‘ಅನ್ನು’ ಸೇರಿದೊಡನೆ ಅದು ಇಂಥದೇ ಪುಸ್ತಕವೆಂಬ ಭಾವ ಬರುತ್ತದೆ. ನಾನು ವಾಕ್ಯವನ್ನು ಮೊದಲು ಮನೆಮಾತಿನಲ್ಲಿ ಹೇಳಿಕೊಂಡು, ಓದುಗರು ‘ಯಾವುದು?’ ಎಂದು ಕೇಳುವರೇ ಎಂದು ಯೋಚಿಸುತ್ತೇನೆ. ಕೇಳುವ ಸಂಭವವಿದ್ದರೆ ‘ಎ’, ಇಲ್ಲವಾದರೆ ‘ದ’. ಚರಿತ್ರೆಯೂ ಇದಕ್ಕೆ ಒಪ್ಪುತ್ತದೆ: ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬ ಅರ್ಥವಿದ್ದ ಪದ ಸವೆದು ‘ಆ್ಯನ್’ ಮತ್ತು ‘ಎ’ ಆಯಿತು, ‘ದ’ ಹುಟ್ಟಿದ್ದು ನಮ್ಮ ‘ಆ’, ‘ಅದು’ಗಳಂತೆ ಬೆರಳು ಮಾಡಿ ತೋರಿಸುವ ಪದದಿಂದ.

ಒಂದು ಎಚ್ಚರಿಕೆಯ ಮಾತಿದೆ. ವೃತ್ತಿ ಹೇಳುವಾಗ ಕನ್ನಡವನ್ನು ನಂಬಬಾರದು. ‘ನಮ್ಮ ತಂದೆ ಮೇಷ್ಟರು’ ಎಂಬಲ್ಲಿ ನಮಗೆ ‘ಒಬ್ಬ’ ಬೇಡ, ಆದರೆ ಇಂಗ್ಲಿಷಿಗೆ ‘ಎ ಟೀಚರ್’ ಬೇಕೇ ಬೇಕು. (‘ಅವರು ಒಬ್ಬ ಉತ್ತಮ ಶಿಕ್ಷಕರು’ ಎಂದು ಈಚೆಗೆ ಎಲ್ಲೆಡೆ ಕಾಣುವ ಕನ್ನಡದಲ್ಲಿ ಆ ‘ಎ’ ಇಣುಕುತ್ತಿದೆ ಎಂಬುದು ನನ್ನ ಅನುಮಾನ.)

ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರು: ‘ಎ’ ಮತ್ತು ‘ಆ್ಯನ್’ಗಳ ವಿಷಯದಲ್ಲಿ ಅಕ್ಷರವನ್ನು ನೋಡದೆ ಉಚ್ಚಾರವನ್ನು ಕೇಳಿಸಿಕೊಳ್ಳಬೇಕೆಂದು ಎಲ್ಲರೂ ಹೇಳುತ್ತಾರೆ, ನಮ್ಮ ಮಕ್ಕಳು ಎಡವುವುದು ಆ ಉಚ್ಚಾರದಲ್ಲಿಯೇ ಎಂಬುದನ್ನು ಯಾರೂ ಹೇಳುವುದಿಲ್ಲ. ಕನ್ನಡಿಗರ ನಾಲಿಗೆಯಲ್ಲಿ ಪದದ ಮೊದಲಿನ ‘ಎ’ಕಾರಕ್ಕೆ ಯಕಾರವೂ ‘ಒ’ಕಾರಕ್ಕೆ ವಕಾರವೂ ತಾವಾಗಿಯೇ ಅಂಟಿಕೊಳ್ಳುತ್ತವೆ. ‘ಯೆಂಜಿನಿಯರ್’ ಎಂದು ಉಚ್ಚರಿಸುವ ಹುಡುಗನಿಗೆ ‘ಎ ಎಂಜಿನಿಯರ್’ ಎಂದು ಬರೆಯುವುದು ಸಹಜವಾಗಿಯೇ ತೋರುತ್ತದೆ, ಏಕೆಂದರೆ ಅವನ ಕಿವಿಗೆ ಬಿದ್ದದ್ದು ವ್ಯಂಜನ. ನಾನು ಪಾಠ ಮಾಡುತ್ತಿದ್ದಾಗ ಮೊದಲು ಆ ಯಕಾರವನ್ನು ಬಿಡಿಸಿ, ಆಮೇಲೆ ಅಕ್ಷರಮಾಲೆಯ ಸಂಕ್ಷೇಪಗಳನ್ನು ಕೊಡುತ್ತಿದ್ದೆ: ಎಂಎಲ್‌ಎ, ಎಸ್ಎಸ್ಎಲ್‌ಸಿ ಅಂಕಪಟ್ಟಿ, ಎಫ್ಐಆರ್, ಆರ್‌ಟಿಸಿ ಇವೆಲ್ಲಕ್ಕೂ ‘ಆ್ಯನ್’, ಬಿಎ ಪದವಿಗೆ, ಪಿಯುಸಿ ವಿದ್ಯಾರ್ಥಿಗೆ ‘ಎ’. ‘ಅವರ್’, ‘ಆನೆಸ್ಟ್’ ಪದಗಳಲ್ಲಿ ಮೊದಲ ಅಕ್ಷರ ಮೌನವಾದ್ದರಿಂದ ‘ಆ್ಯನ್’. ‘ಯೂನಿವರ್ಸಿಟಿ’, ‘ಯುರೋಪಿಯನ್’, ‘ಒನ್ ರುಪಿ ಕಾಯಿನ್’ಗಳಿಗೆ ‘ಎ’. ‘ಎಚ್ಆರ್’ ವಿಭಾಗದವರ ಬಗ್ಗೆ ಬರೆಯುವಾಗ ನೀವು ಆ ಅಕ್ಷರವನ್ನು ‘ಎಚ್’ ಎನ್ನುತ್ತೀರೋ ‘ಹೆಚ್’ ಎನ್ನುತ್ತೀರೋ ಎಂಬುದರ ಮೇಲೆ ಆರ್ಟಿಕಲ್ ಬದಲಾಗುತ್ತದೆ; ವರದಿಯಲ್ಲಿ ‘ಆ್ಯನ್’ ಬಳಸಿದರೆ ಯಾರೂ ತಕರಾರು ಮಾಡಲಾರರು.

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರೊಬ್ಬರು: ಎಲ್ಲ ಕೆಂಪು ಗುರುತುಗಳೂ ತಪ್ಪುಗಳೇ ಆಗಿರಬೇಕೆಂದಿಲ್ಲ. ರೋಗಿ ‘ಇನ್ ಹಾಸ್ಪಿಟಲ್’ ಇದ್ದಾನೆ ಎಂದು ಇಲ್ಲಿಯವರು ಹೇಳಿದರೆ ಅಮೆರಿಕದವರು ‘ಇನ್ ದ ಹಾಸ್ಪಿಟಲ್’ ಎನ್ನುತ್ತಾರೆ. ನದಿಗಳಿಗೂ ಪರ್ವತಶ್ರೇಣಿಗಳಿಗೂ ‘ದ’ ಬೇಕು. ಆದ್ದರಿಂದ ‘ದ ಕಾವೇರಿ’, ‘ದ ವೆಸ್ಟರ್ನ್ ಘಾಟ್ಸ್’. ಒಂಟಿ ಶಿಖರವಾದ ಮುಳ್ಳಯ್ಯನಗಿರಿಗೆ ಬೇಡ.

ತಾಂತ್ರಿಕ ಬರವಣಿಗೆ ಮಾಡುವವರೊಬ್ಬರು: ಅನುವಾದಕರ ಉಪಾಯ ನನಗೂ ಹಿಡಿಸಿತು, ಆದರೆ ಗ್ರಾಂಥಿಕ ಕನ್ನಡದಲ್ಲಿ ನಾವು ‘ಅನ್ನು’ವನ್ನು ಎಲ್ಲೆಂದರಲ್ಲಿ ಹಚ್ಚುತ್ತೇವೆ. ‘ಶಾಂತಿಯನ್ನು ಬಯಸುತ್ತೇವೆ’ ಎಂಬುದನ್ನು ನಂಬಿ ‘ದ ಪೀಸ್’ ಎಂದು ಬರೆದರೆ ಕೆಡುತ್ತದೆ. ಮನುಷ್ಯರ ವಿಷಯದಲ್ಲಂತೂ ‘ಅನ್ನು’ ಬಿಡಲಾಗದ್ದರಿಂದ ಆ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ. ನನ್ನ ಅನುಭವದಲ್ಲಿ ನಮ್ಮ ಆರ್ಟಿಕಲ್ ತಪ್ಪುಗಳಲ್ಲಿ ಬಹುಪಾಲು ವಾಸ್ತವವಾಗಿ ಬಹುವಚನದ ತಪ್ಪುಗಳು. ‘ಬೆಂಗಳೂರಿನಲ್ಲಿ ಮನೆ ದುಬಾರಿ’ ಎಂದು ಏಕವಚನದಲ್ಲಿ ಹೇಳಿ ಎಲ್ಲ ಮನೆಗಳನ್ನೂ ಸೂಚಿಸುವುದು ನಮಗೆ ರೂಢಿ. ಅದನ್ನೇ ‘ಹೌಸ್ ಈಸ್ ಕಾಸ್ಟ್ಲಿ’ ಎಂದು ಬರೆದು, ಮುಂದೆ ‘ಎ’ ಹಾಕಲೋ ‘ದ’ ಹಾಕಲೋ ಎಂದು ತಡಕಾಡುತ್ತೇವೆ. ‘ಹೌಸಸ್’ ಎಂದು ಮಾಡಿದರೆ ಎರಡೂ ಬೇಡವಾಗುತ್ತವೆ. ಇದಕ್ಕೆ ತಿರುಗಾಗಿ ‘ಇನ್ಫರ್ಮೇಶನ್’, ‘ಅಡ್ವೈಸ್’, ‘ಫರ್ನಿಚರ್’ಗಳಿಗೆ ‘ಎ’ಯೂ ಕೂಡದು, ಬಹುವಚನವೂ ಕೂಡದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಹೋದ ವಾರದ ವರದಿಯನ್ನು ತೆಗೆದು ನೋಡಿದೆ. ಅದರಲ್ಲಿದ್ದ ಹನ್ನೊಂದು ಗುರುತುಗಳಲ್ಲಿ ಆರು ಬಹುವಚನಕ್ಕೆ ಸೇರಿದವು, ಎರಡು ‘ಇನ್ಫರ್ಮೇಶನ್’ಗೆ. ‘ಎ ಎಂಎಲ್‌ಎ’ ಎಂದು ಎರಡು ಕಡೆ ಬರೆದಿದ್ದೇನೆ. ಜೋರಾಗಿ ಓದಿಕೊಂಡಾಗ ‘ಯೆಂಎಲ್‌ಎ’ ಎಂದೇ ಬಾಯಿಗೆ ಬಂತು. ಉಳಿದ ಒಂದು ಗುರುತು ‘ಇನ್ ಹಾಸ್ಪಿಟಲ್’ ಎಂಬುದರ ಮೇಲಿದೆ. ಅದನ್ನು ಹಾಗೆಯೇ ಉಳಿಸಿಕೊಳ್ಳಲು ಅನುಮತಿ ಕೇಳುತ್ತೇನೆ.